ಒಬ್ಬರೇ ಬುಕ್ ಮಾಡಿದ ಕ್ರೂಸ್‌ಗೆ ಇನ್ನೊಬ್ಬರನ್ನು ಸೇರಿಸುವುದು ಹೇಗೆ?

ಹಾಸನದಲ್ಲಿರುವ ನಮ್ಮ ಚಿಕ್ಕಮ್ಮ ಟೀಚರ್ ಕೆಲಸದಿಂದ ನಿವೃತ್ತರಾದ ಮೇಲೆ, ಸಿಂಗಪುರದಿಂದ ಹೊರಡುವ ನಾಲ್ಕು ರಾತ್ರಿಯ ಕ್ರೂಸ್ ಒಂದನ್ನು, ಅಂದರೆ ಹಡಗಿನ ಪ್ರವಾಸವನ್ನು, ಒಬ್ಬರೇ ಬುಕ್ ಮಾಡಿದರು. ತಿಂಗಳು ಕಳೆದಿರಲಿಲ್ಲ, ಮೂಡಿಗೆರೆಯ ದೊಡ್ಡಮ್ಮ "ನಾನೂ ಬರ್ತೀನಿ ಕಣೇ" ಅಂದರು. ಆ ರಾತ್ರಿಯೇ ಚಿಕ್ಕಮ್ಮ ನನಗೆ ಫೋನ್ ಮಾಡಿದರು. "ರೂಮಲ್ಲಿ ಇಬ್ಬರು ಮಲಗೋಷ್ಟು ಮಂಚ ಇದೆ. ಇಬ್ಬರ ದುಡ್ಡೂ ಕಟ್ಟಿಸ್ಕೊಂಡಿದಾರೆ. ಅಕ್ಕನ ಹೆಸರು ಬರೆಸಿದ್ರೆ ಆಯ್ತಲ್ವಾ?"

ಕೇಳಿದ್ದು ನ್ಯಾಯವಾಗಿಯೇ ಇತ್ತು. ಆದರೆ ಮರುದಿನ ಏಜೆಂಟ್ ಹೇಳಿದ ಮೊತ್ತ ಕೇಳಿ ಚಿಕ್ಕಮ್ಮನಿಗೆ ಗಾಬರಿಯಾಯಿತು. ಅದು ಯಾಕೆ ಅಷ್ಟು ಬಂತು, ಆಮೇಲೆ ಹೇಗೆ ಇಳಿಯಿತು ಎಂದು ಹುಡುಕುತ್ತಾ ಹೋದಾಗ ನಾನು ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಕಡೆಯವರಿಗೆ ಈ ವಿಷಯ ಬೇಕಾಗುವುದಕ್ಕೆ ಒಂದು ಕಾರಣ ಇದೆ. ಕಾಫಿ ತೋಟದ ಮನೆಗಳಲ್ಲಿ ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ಊರು ಬಿಡುವ ದಿನವನ್ನು ಆರು ತಿಂಗಳು ಮೊದಲೇ ಹೇಳುವುದು ಕಷ್ಟ. ರೊಬಸ್ಟಾ ಕೊಯ್ಲು ಎಷ್ಟು ದಿನ ಎಳೆಯುತ್ತದೋ ಗೊತ್ತಿಲ್ಲ. ಹೂಮಳೆ ಸರಿಯಾದ ಹೊತ್ತಿಗೆ ಬಾರದಿದ್ದರೆ ಸ್ಪ್ರಿಂಕ್ಲರ್ ಹಾಕಿಸಲು ಒಬ್ಬರು ಮನೆಯಲ್ಲಿ ಇರಲೇಬೇಕು. ಹಾಗಾಗಿ ಒಬ್ಬರು ಮೊದಲು ಬುಕ್ ಮಾಡುವುದು, ಇನ್ನೊಬ್ಬರು ಆಮೇಲೆ ಸೇರಿಕೊಳ್ಳುವುದು ಇಲ್ಲಿ ಸಹಜ.

ಬೆಲೆ ಹೇಳುವುದು ತಲೆಗೆ, ಮಾರುವುದು ರೂಮು

ಎಲ್ಲ ಗೊಂದಲದ ಬೇರು ಇಲ್ಲಿದೆ. ಇದೊಂದು ಅರ್ಥವಾದರೆ ಉಳಿದದ್ದು ಸುಲಭ.

ಧರ್ಮಸ್ಥಳದಲ್ಲಿ ರೂಮ್ ತೆಗೆದುಕೊಂಡರೆ ಬಾಡಿಗೆ ರೂಮಿಗೆ. ಇಬ್ಬರಿದ್ದರೂ ಅಷ್ಟೇ, ಮೂವರಿದ್ದರೂ ಅಷ್ಟೇ. ಕಾಶಿ ಯಾತ್ರೆಯ ಟೂರ್ ಬಸ್ಸಿನಲ್ಲಿ ತಲೆಗೆ ಇಷ್ಟು ಎಂದು ದುಡ್ಡು. ಕ್ರೂಸ್ ಈ ಎರಡರ ನಡುವೆ ನಿಲ್ಲುತ್ತದೆ. ಜಾಹೀರಾತಿನಲ್ಲಿ ತಲೆಗೆ ಇಷ್ಟು ಎಂದು ಬೆಲೆ ಇರುತ್ತದೆ. ಆದರೆ ಅದರ ಕೆಳಗೆ ಚಿಕ್ಕ ಅಕ್ಷರದಲ್ಲಿ 'ಒಂದು ಕ್ಯಾಬಿನ್‌ನಲ್ಲಿ ಇಬ್ಬರು ಇದ್ದರೆ' ಎಂಬ ಷರತ್ತು ಇರುತ್ತದೆ. ಕ್ಯಾಬಿನ್ ಅಂದರೆ ಹಡಗಿನ ರೂಮು. ಅವರು ನಿಜವಾಗಿ ಮಾರುವುದು ಆ ರೂಮನ್ನು, ಇಬ್ಬರ ಲೆಕ್ಕಕ್ಕೆ.

ಹಡಗು ಎಷ್ಟು ತುಂಬಿದೆ ಎಂದು ಕಂಪನಿಯವರು ಲೆಕ್ಕ ಹಾಕುವುದೂ ಹೀಗೆಯೇ. 2024ರಲ್ಲಿ ಓಡಾಟ ಶುರು ಮಾಡಿದ 'ಐಕಾನ್ ಆಫ್ ದ ಸೀಸ್' ಎಂಬ ದೊಡ್ಡ ಹಡಗನ್ನೇ ನೋಡಿ. ಪ್ರತಿ ಕ್ಯಾಬಿನ್‌ಗೆ ಇಬ್ಬರಂತೆ ಅದರ ಲೆಕ್ಕ 5,610 ಜನ. ಮಕ್ಕಳು, ಮೂರನೆಯವರು, ನಾಲ್ಕನೆಯವರು ಎಲ್ಲ ಸೇರಿದರೆ 7,600ರವರೆಗೆ ಹಿಡಿಯುತ್ತದೆ. ಅಂದರೆ ಕ್ಯಾಬಿನ್‌ಗೆ ಇಬ್ಬರು ಬಂದಾಗಲೇ ಅವರ ಪ್ರಕಾರ ಹಡಗು ನೂರಕ್ಕೆ ನೂರು ತುಂಬಿದ ಹಾಗೆ. ಒಬ್ಬರೇ ಬಂದರೆ ಅರ್ಧ ರೂಮು ಖಾಲಿ.

ಆ ಖಾಲಿ ಅರ್ಧಕ್ಕೆ ಒಬ್ಬರೇ ಹೋಗುವವರಿಂದ ತೆಗೆದುಕೊಳ್ಳುವ ಹೆಚ್ಚಿನ ದುಡ್ಡಿಗೆ 'ಸಿಂಗಲ್ ಸಪ್ಲಿಮೆಂಟ್' ಎನ್ನುತ್ತಾರೆ. ಬಹಳ ಕಡೆ ಇದು ಪೂರ್ತಿ ಇನ್ನೊಬ್ಬರ ದರವೇ ಆಗಿರುತ್ತದೆ. ಕೆಲವು ಸಲ ಆಫರ್‌ನಲ್ಲಿ ಅದರ ಅರ್ಧವೋ ಕಾಲು ಭಾಗವೋ ಇರುತ್ತದೆ. ಡಬಲ್ ಸ್ಲೀಪರ್ ಬಸ್ಸಿನಲ್ಲಿ ಪಕ್ಕದಲ್ಲಿ ಯಾರೂ ಬೇಡ ಎಂದು ಎರಡೂ ಸೀಟನ್ನು ನಾವೇ ಹಿಡಿಯುತ್ತೇವಲ್ಲ, ಆ ಥರ.

ಇದಕ್ಕೆ ಹೊರತಾದದ್ದು 'ಸೋಲೋ ಕ್ಯಾಬಿನ್', ಅಂದರೆ ಒಬ್ಬರಿಗೆಂದೇ ಕಟ್ಟಿದ ಪುಟ್ಟ ರೂಮು. 2010ರಲ್ಲಿ ಬಂದ 'ನಾರ್ವೇಜಿಯನ್ ಎಪಿಕ್' ಹಡಗಿನಲ್ಲಿ ಇಂಥ 128 ರೂಮುಗಳಿದ್ದವು. ಆಮೇಲೆ ಬೇರೆ ಕಂಪನಿಗಳೂ ಈ ದಾರಿ ಹಿಡಿದವು. ನಿಮ್ಮದು ಇಂಥ ಕ್ಯಾಬಿನ್ ಆಗಿದ್ದರೆ ಅದಕ್ಕೆ ಇನ್ನೊಬ್ಬರ ಹೆಸರು ಸೇರಿಸಲು ಆಗುವುದೇ ಇಲ್ಲ. ಇಬ್ಬರ ಕ್ಯಾಬಿನ್‌ಗೆ ಬದಲಾಯಿಸಿಕೊಳ್ಳಬೇಕು, ಅದರ ದರವೇ ಬೇರೆ. ಹಾಗಾಗಿ ಮೊಟ್ಟಮೊದಲು ನಿಮ್ಮ ಬುಕ್ಕಿಂಗ್ ಕಾಗದ ತೆಗೆದು ಕ್ಯಾಬಿನ್ ಯಾವ ಬಗೆಯದು ಎಂದು ನೋಡಿ.

ಹಾಗಾದರೆ ಎರಡನೆಯವರಿಗೆ ಎಷ್ಟು?

ಒಂದು ಲೆಕ್ಕ ಹಾಕಿ ನೋಡೋಣ. ಇದು ತಿಳಿಯಲಿ ಎಂದು ನಾನು ಹಾಕಿದ ಲೆಕ್ಕ, ಯಾವ ಕಂಪನಿಯ ದರವೂ ಅಲ್ಲ.

ತಲೆಗೆ ಟಿಕೆಟ್ 40,000 ರೂಪಾಯಿ ಇರಲಿ. ತೆರಿಗೆ ಮತ್ತು ಬಂದರು ಶುಲ್ಕ ತಲೆಗೆ 10,000 ಇರಲಿ. ಟಿಕೆಟ್ ದುಡ್ಡು ರೂಮಿನದು. ತೆರಿಗೆ ಮತ್ತು ಬಂದರು ಶುಲ್ಕ ಮನುಷ್ಯರದು, ಹಡಗು ಹತ್ತುವವರಿಗೆ ಮಾತ್ರ ಬೀಳುತ್ತದೆ. ಚಿಕ್ಕಮ್ಮ ಒಬ್ಬರೇ ಬುಕ್ ಮಾಡಿದಾಗ ಇಬ್ಬರ ಟಿಕೆಟ್ 80,000, ಒಬ್ಬರ ಶುಲ್ಕ 10,000, ಒಟ್ಟು 90,000. ಈಗ ದೊಡ್ಡಮ್ಮ ಬಂದರೆ ಅವರ ಪಾಲಿನ ಟಿಕೆಟ್ ಆಗಲೇ ಕಟ್ಟಿದೆ. ಹೊಸದಾಗಿ ಬೀಳುವುದು ಅವರ 10,000 ಶುಲ್ಕ, ಜೊತೆಗೆ ಟಿಪ್ಸ್. ಹಡಗಿನಲ್ಲಿ ಟಿಪ್ಸ್ ನಮ್ಮ ಇಷ್ಟಕ್ಕೆ ಬಿಟ್ಟದ್ದಲ್ಲ. ಬಹುಪಾಲು ಕಂಪನಿಗಳು ದಿನಕ್ಕೆ ತಲೆಗೆ ಇಷ್ಟು ಎಂದು ಬಿಲ್‌ಗೇ ಸೇರಿಸುತ್ತವೆ. ಚಿಕ್ಕಮ್ಮ ಹೇಳಿದ "ಇಬ್ಬರ ದುಡ್ಡೂ ಕಟ್ಟಿದೆ" ಎನ್ನುವ ಮಾತು ಈ ಸಂದರ್ಭಕ್ಕೆ ಸರಿ.

ಆದರೆ ಸಿಂಗಲ್ ಸಪ್ಲಿಮೆಂಟ್ ಅರ್ಧಕ್ಕೆ ಇಳಿಸಿದ ಆಫರ್‌ನಲ್ಲಿ ಬುಕ್ ಮಾಡಿದ್ದರೆ? ಆಗ ಕಟ್ಟಿದ್ದು 60,000 ಮತ್ತು 10,000, ಒಟ್ಟು 70,000. ಇಬ್ಬರಾದ ಕೂಡಲೇ ಆ ರಿಯಾಯಿತಿ ಹೋಗುತ್ತದೆ. ಇಬ್ಬರ ಪೂರ್ತಿ ಲೆಕ್ಕ 1,00,000 ಆಗುತ್ತದೆ. ಅಂದರೆ ಇನ್ನೂ 30,000 ಕೊಡಬೇಕು.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಕ್ರೂಸ್ ದರ ವಿಮಾನದ ಟಿಕೆಟ್ ಹಾಗೆ ದಿನವೂ ಏರಿಳಿಯುತ್ತದೆ. ಹೆಸರು ಸೇರಿಸುವಾಗ ಕೆಲವು ಕಂಪನಿಗಳು, ಕೆಲವು ಆಫರ್‌ಗಳು ಹಳೆಯ ದರವನ್ನೇ ಉಳಿಸಿಕೊಡುತ್ತವೆ. ಇನ್ನು ಕೆಲವು ಕಡೆ ಇಡೀ ಬುಕ್ಕಿಂಗನ್ನು ಇವತ್ತಿನ ದರಕ್ಕೆ ಮತ್ತೆ ಲೆಕ್ಕ ಹಾಕುತ್ತಾರೆ. ಇವತ್ತು ತಲೆಗೆ 55,000 ಆಗಿದ್ದರೆ ಇಬ್ಬರಿಗೆ 1,10,000, ಶುಲ್ಕ 20,000, ಒಟ್ಟು 1,30,000. ಮೊದಲು 90,000 ಕಟ್ಟಿದವರು ಈಗ 40,000 ಹೆಚ್ಚು ಕೊಡಬೇಕು. ದರ ಇಳಿದಿದ್ದರೆ ಉಲ್ಟಾ ಆಗುತ್ತದೆ. ತಲೆಗೆ 35,000ಕ್ಕೆ ಇಳಿದಿದ್ದರೆ ಇಬ್ಬರಿಗೂ ಸೇರಿ 90,000 ಅಷ್ಟೇ, ಒಂದು ರೂಪಾಯಿ ಜಾಸ್ತಿ ಇಲ್ಲದೆ ದೊಡ್ಡಮ್ಮ ಬಂದ ಹಾಗಾಯಿತು.

ನಮ್ಮ ಚಿಕ್ಕಮ್ಮನಿಗೆ ಮೊದಲು ಬಂದ ಮೊತ್ತ ಈ ಮೂರನೆಯ ಬಗೆಯದು. ಏಜೆಂಟ್ ಇಬ್ಬರ ಹೆಸರಿನಲ್ಲಿ ಹೊಸದಾಗಿ ಬುಕ್ ಮಾಡಿದರೆ ಎಷ್ಟಾಗುತ್ತದೆ ಎಂದು ನೋಡಿ ಹೇಳಿದ್ದರು. ಹಳೆಯ ಬುಕ್ಕಿಂಗ್ ಹಾಗೇ ಇಟ್ಟು, ಅದರ ದರದಲ್ಲೇ ಎರಡನೆಯವರನ್ನು ಸೇರಿಸಬಹುದಾ ಎಂದು ಕಂಪನಿಯನ್ನು ಕೇಳಿರಲಿಲ್ಲ. ನಾವು ಹಾಗೆ ಕೇಳಿಸಿದೆವು. ಕೊನೆಗೆ ಮೊತ್ತ ದೊಡ್ಡಮ್ಮನ ಶುಲ್ಕ ಮತ್ತು ಟಿಪ್ಸ್‌ಗೆ ಬಂದು ನಿಂತಿತು.

ಆದ್ದರಿಂದ ಏಜೆಂಟ್‌ಗೆ ಹೇಳುವ ಮಾತು ಹೀಗಿರಲಿ: "ಈಗಲೇ ಏನೂ ಬದಲಾಯಿಸಬೇಡಿ. ಇದೇ ಬುಕ್ಕಿಂಗ್‌ಗೆ ಇನ್ನೊಬ್ಬರನ್ನು ಸೇರಿಸಿದರೆ ಒಟ್ಟು ಎಷ್ಟಾಗುತ್ತದೆ, ನನ್ನ ಹಳೆ ದರ ಉಳಿಯುತ್ತದಾ, ಯಾವ ಆಫರ್ ಹೋಗುತ್ತದೆ, ಬರೆದು ಕಳಿಸಿ." ವಾಟ್ಸ್ಆ್ಯಪ್‌ನಲ್ಲಿ ಬಂದರೂ ಸಾಕು, ಆದರೆ ಬರಹದಲ್ಲಿ ಇರಬೇಕು. ಒಮ್ಮೆ ಕಂಪ್ಯೂಟರ್‌ನಲ್ಲಿ ಬದಲಾಯಿಸಿದರೆ ಹಳೆಯ ದರಕ್ಕೆ ವಾಪಸ್ ಹೋಗುವುದು ಬಹಳ ಕಷ್ಟ. ಇನ್ನೊಂದು ಮಾತು. ಏಜೆಂಟ್ ಮೂಲಕ ಬುಕ್ ಮಾಡಿದ್ದರೆ ಬದಲಾವಣೆಯೂ ಸಾಮಾನ್ಯವಾಗಿ ಅವರ ಮೂಲಕವೇ ಆಗಬೇಕು. ನೀವು ನೇರವಾಗಿ ಕಂಪನಿಗೆ ಫೋನ್ ಮಾಡಿದರೆ "ನಿಮ್ಮ ಏಜೆಂಟನ್ನೇ ಕೇಳಿ" ಎನ್ನುತ್ತಾರೆ.

ಸೇರಿಸುವುದು ಮಗುವನ್ನಾದರೆ 'ಮಕ್ಕಳಿಗೆ ಉಚಿತ' ಎಂಬ ಜಾಹೀರಾತು ನಂಬಿ ಕೂರಬೇಡಿ. ಅದು ಹೆಚ್ಚಾಗಿ ಕ್ಯಾಬಿನ್‌ನ ಮೂರನೆಯ, ನಾಲ್ಕನೆಯ ಜಾಗಕ್ಕೆ. ತಾಯಿಯ ಜೊತೆ ಒಂದೇ ಮಗು ಇದ್ದರೆ ಆ ಮಗು ಎರಡನೆಯ ಜಾಗದ್ದು, ದೊಡ್ಡವರ ದರವೇ ಬೀಳುವುದು ಜಾಸ್ತಿ.

ಮಂಚ ಖಾಲಿ ಇದ್ದರೂ 'ಜಾಗ ಇಲ್ಲ' ಅನ್ನುವುದು ಯಾಕೆ?

ಬೇಲೂರಿನ ಯಗಚಿ ಹಿನ್ನೀರಿಗೆ ಹೋದವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಬೋಟ್‌ನಲ್ಲಿ ಕೂರಲು ಇನ್ನೂ ಜಾಗ ಇದ್ದ ಹಾಗೆ ಕಾಣುತ್ತದೆ. ಆದರೂ ಲೈಫ್ ಜಾಕೆಟ್ ಮುಗಿದ ಮೇಲೆ ಇನ್ನೊಬ್ಬರನ್ನು ಹತ್ತಿಸಿಕೊಳ್ಳಬಾರದು. ಹಡಗಿನಲ್ಲೂ ಅದೇ ಮಾತು, ಅಲ್ಲಿ ಎಣಿಕೆ ಲೈಫ್‌ಬೋಟ್‌ನದು. ಅಂದರೆ ಅಪಾಯ ಬಂದಾಗ ಜನರನ್ನು ಇಳಿಸುವ ದೋಣಿ.

1912ರ ಏಪ್ರಿಲ್‌ನಲ್ಲಿ ಟೈಟಾನಿಕ್ ಮುಳುಗಿದಾಗ ಅದರಲ್ಲಿ 2,200ಕ್ಕೂ ಹೆಚ್ಚು ಜನ ಇದ್ದರು. ದೋಣಿಗಳಲ್ಲಿ ಇದ್ದದ್ದು 1,178 ಜನಕ್ಕೆ ಸಾಕಾಗುವಷ್ಟು ಜಾಗ. ಆ ದುರಂತದ ನಂತರ 1914ರಲ್ಲಿ ಹಲವು ದೇಶಗಳು ಕೂತು ಸಮುದ್ರ ಸುರಕ್ಷತೆಯ ಒಪ್ಪಂದ ಮಾಡಿಕೊಂಡವು. ಅದಕ್ಕೆ 'ಸೋಲಾಸ್' ಎನ್ನುತ್ತಾರೆ. ಈಗ ಜಾರಿಯಲ್ಲಿ ಇರುವುದು ಅದರ 1974ರ ರೂಪ, ಆಗಾಗ ತಿದ್ದುಪಡಿ ಆಗುತ್ತಾ ಬಂದಿದೆ.

ಪ್ರಯಾಣಿಕರು ಯಾವ ಭಾಗದಲ್ಲಿ ಇದ್ದಾರೆ ಎಂಬುದರ ಮೇಲೆ, ಅಪಾಯದಲ್ಲಿ ಅವರು ಸೇರಬೇಕಾದ ಜಾಗವನ್ನು ಮೊದಲೇ ಗೊತ್ತು ಮಾಡಿರುತ್ತಾರೆ. ಅದಕ್ಕೆ 'ಮಸ್ಟರ್ ಸ್ಟೇಷನ್' ಎಂದು ಹೆಸರು. ಹಡಗಿನವರು ಕೊಡುವ ನಿಮ್ಮ ಕಾರ್ಡಿನ ಮೇಲೂ ಅದರ ಗುರುತು ಇರುತ್ತದೆ. ಹಡಗು ಹೊರಡುವ ಮೊದಲು ಅಥವಾ ಹೊರಟ ಕೂಡಲೇ ಎಲ್ಲರಿಗೂ ಅದನ್ನು ತೋರಿಸಿಕೊಡಬೇಕು ಎಂಬುದು ನಿಯಮ. ಮೂರು ನಾಲ್ಕು ಜನರ ಕುಟುಂಬಗಳು ಒಂದೇ ಭಾಗದಲ್ಲಿ ಜಾಸ್ತಿ ಬುಕ್ ಮಾಡಿದ್ದರೆ ಆ ಭಾಗದ ಲೈಫ್‌ಬೋಟ್ ಎಣಿಕೆ ತುಂಬಿಬಿಡುತ್ತದೆ. ಆಗ ನಿಮ್ಮ ಕ್ಯಾಬಿನ್‌ನಲ್ಲಿ ಮಂಚ ಖಾಲಿ ಇದ್ದರೂ ಹೆಸರು ಸೇರಿಸಲು ಬಿಡುವುದಿಲ್ಲ. ಇಬ್ಬರ ಕ್ಯಾಬಿನ್‌ಗೆ ಎರಡನೆಯವರು ಸೇರುವಾಗ ಈ ತೊಂದರೆ ಕಡಿಮೆ. ಮೂರನೆಯವರು ಸೇರುವಾಗ ಜಾಸ್ತಿ. ಶಾಲೆ ರಜೆಯಲ್ಲಿ ಇನ್ನೂ ಜಾಸ್ತಿ. ಹೀಗಾದರೆ ಹಡಗಿನ ಬೇರೆ ಭಾಗದಲ್ಲಿ ಅದೇ ಬಗೆಯ ಕ್ಯಾಬಿನ್ ಇದೆಯಾ ಎಂದು ಕೇಳಿ.

ಯಾವಾಗ ಕೇಳಬೇಕು?

ಎರಡು ಗಡಿ ನೆನಪಿಡಿ. ಒಂದು, ಬಾಕಿ ಹಣ ಪೂರ್ತಿ ಕಟ್ಟುವ ದಿನ. ವಿದೇಶಿ ಕಂಪನಿಗಳಲ್ಲಿ ಇದು ಹೆಚ್ಚಾಗಿ ಹಡಗು ಹೊರಡುವ 75ರಿಂದ 120 ದಿನ ಮೊದಲು ಬರುತ್ತದೆ, ಚಿಕ್ಕ ಪ್ರಯಾಣಗಳಿಗೆ ಇನ್ನೂ ಹತ್ತಿರ ಇರಬಹುದು. ಅದಕ್ಕೆ ಮುಂಚೆ ಕೇಳಿದರೆ ಕ್ಯಾಬಿನ್ ಬದಲಾಯಿಸುವುದೂ ಸುಲಭ, ಬೇಡ ಅನಿಸಿದರೆ ಕಳೆದುಕೊಳ್ಳುವುದೂ ಕಡಿಮೆ. ಆ ದಿನ ದಾಟಿದ ಮೇಲೆ ಸೇರಿಸಬಹುದು, ಆದರೆ ಅವರು ಬರದೇ ಹೋದರೆ ರದ್ದತಿ ಶುಲ್ಕ ಬೀಳುತ್ತದೆ.

ಇನ್ನೊಂದು ಗಡಿ ಪ್ರಯಾಣಿಕರ ಪಟ್ಟಿ ಮುಚ್ಚುವುದು. ರೈಲಿನಲ್ಲಿ ಚಾರ್ಟ್ ಆಗುತ್ತದಲ್ಲ, ಹಾಗೆ. ಹಡಗಿನವರು ಯಾರು ಯಾರು ಬರುತ್ತಿದ್ದಾರೆ ಎಂಬ ಪಟ್ಟಿಯನ್ನು ಬಂದರು ಮತ್ತು ವಲಸೆ ಅಧಿಕಾರಿಗಳಿಗೆ ಮೊದಲೇ ಕೊಡಬೇಕು. ಹೊರಡಲು ಕೆಲವೇ ದಿನ ಇರುವಾಗ ಅದು ಮುಚ್ಚಿತೆಂದರೆ ದುಡ್ಡು ಎಷ್ಟು ಕೊಟ್ಟರೂ ಹೆಸರು ಸೇರುವುದಿಲ್ಲ. ಬಂದರಿಗೆ ಹೋಗಿ ಅಲ್ಲೇ ಕೇಳೋಣ ಎಂದು ಯಾರನ್ನೂ ಕರೆದುಕೊಂಡು ಹೋಗಬೇಡಿ.

ಹೆಸರು, ಪಾಸ್‌ಪೋರ್ಟ್, ವೀಸಾ

ನನ್ನ ಪ್ರಕಾರ ನಮ್ಮ ಕಡೆಯವರು ಅತಿ ಹೆಚ್ಚು ಎಡವುವುದು ಇಲ್ಲಿ. ನಮಗೆ ಹೆಸರಿನ ಜೊತೆ ಇನಿಷಿಯಲ್ ಇಡುವ ಅಭ್ಯಾಸ. ಆಧಾರ್‌ನಲ್ಲಿ ಹೆಸರಿನ ಮುಂದೆ ಎರಡು ಅಕ್ಷರ, ಬ್ಯಾಂಕಿನಲ್ಲಿ ಅದೇ ಅಕ್ಷರ ಹಿಂದೆ, ಪಾಸ್‌ಪೋರ್ಟ್‌ನಲ್ಲಿ ಅದನ್ನು ಬಿಡಿಸಿ ಊರಿನ ಹೆಸರು, ತಂದೆ ಹೆಸರು. ಕೆಲವರ ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗವೇ ಖಾಲಿ. ಜೊತೆಗೆ ಬರುವವರ ಹೆಸರನ್ನು ಫೋನಿನಲ್ಲಿ ಬಾಯಿ ಮಾತಿನಲ್ಲಿ ಹೇಳಬೇಡಿ. ಪಾಸ್‌ಪೋರ್ಟ್‌ನ ಫೋಟೋ ಪುಟವನ್ನು ಕಳಿಸಿ, ಅದರಲ್ಲಿ ಇರುವ ಹಾಗೆಯೇ ಅಕ್ಷರ ಅಕ್ಷರ ಬರೆಸಿ. ದುಬೈ ಕಡೆಯ ಕ್ರೂಸ್‌ಗೆ ಹೋಗುವವರು ಇನ್ನೂ ಹುಷಾರಾಗಿರಬೇಕು. ಪಾಸ್‌ಪೋರ್ಟ್‌ನಲ್ಲಿ ಒಂದೇ ಪದದ ಹೆಸರಿರುವವರಿಗೆ ಪ್ರವಾಸಿ ವೀಸಾದಲ್ಲಿ ಪ್ರವೇಶ ಇಲ್ಲ ಎಂದು ಯುಎಇ 2022ರ ನವೆಂಬರ್‌ನಲ್ಲಿ ನಿಯಮ ತಂದಿತು.

ಪಾಸ್‌ಪೋರ್ಟ್‌ನ ಅವಧಿ ಕನಿಷ್ಠ ಆರು ತಿಂಗಳು ಉಳಿದಿರಬೇಕು ಎಂದು ಬಹಳ ಕಂಪನಿಗಳು, ದೇಶಗಳು ಕೇಳುತ್ತವೆ. ದೊಡ್ಡಮ್ಮನ ಪಾಸ್‌ಪೋರ್ಟ್ ಮುಗಿಯಲು ನಾಲ್ಕೇ ತಿಂಗಳಿತ್ತು. ಹಾಸನದ ಅಂಚೆ ಕಚೇರಿಯಲ್ಲೇ ಪಾಸ್‌ಪೋರ್ಟ್ ಸೇವಾ ಕೇಂದ್ರ ಇರುವುದರಿಂದ ಬೆಂಗಳೂರಿಗೆ ಓಡುವುದು ತಪ್ಪಿತು. ಹೊಸ ಪಾಸ್‌ಪೋರ್ಟ್ ಬಂದ ಮೇಲೆ ನಂಬರ್ ಬದಲಾಗುತ್ತದೆ, ಅದನ್ನು ಬುಕ್ಕಿಂಗ್‌ನಲ್ಲೂ ಬದಲಾಯಿಸಬೇಕು.

ವೀಸಾ ಪ್ರತಿಯೊಬ್ಬರಿಗೂ ಬೇರೆ ಬೇರೆ. ಒಬ್ಬರಿಗೆ ಸಿಕ್ಕಿದೆ ಎಂದರೆ ಇನ್ನೊಬ್ಬರಿಗೂ ಸಿಕ್ಕ ಹಾಗಲ್ಲ. ಸಿಂಗಪುರದಿಂದ ಹೊರಟು ಸಿಂಗಪುರಕ್ಕೇ ವಾಪಸ್ ಬರುವ ಹಡಗಿನಲ್ಲಿ ನೀವು ಆ ದೇಶದೊಳಗೆ ಎರಡು ಸಲ ಹೋಗುತ್ತೀರಿ. ವಿಮಾನ ಇಳಿದಾಗ ಒಮ್ಮೆ, ಹಡಗು ಇಳಿದಾಗ ಇನ್ನೊಮ್ಮೆ. ಹಾಗಾಗಿ ಒಂದಕ್ಕಿಂತ ಹೆಚ್ಚು ಸಲ ಒಳಗೆ ಬಿಡುವ ವೀಸಾ ಬೇಕು. ಯುರೋಪಿನ ಷೆಂಗೆನ್ ವೀಸಾಕ್ಕೆ ಅಪಾಯಿಂಟ್‌ಮೆಂಟ್ ಸಿಗುವುದೇ ತಡ. ಆ ಕಡೆಯ ಕ್ರೂಸ್ ಆದರೆ ಜೊತೆಯವರ ಹೆಸರು ಸೇರಿಸುವ ಮೊದಲು ವೀಸಾ ಅಪಾಯಿಂಟ್‌ಮೆಂಟ್ ಯಾವಾಗ ಸಿಗುತ್ತದೆ ಎಂದು ನೋಡಿ.

ಕ್ರೂಸ್‌ಗೆ ಹೆಸರು ಸೇರಿದರೆ ವಿಮಾನಕ್ಕೂ ಸೇರಿತು ಎಂದುಕೊಳ್ಳುವವರಿದ್ದಾರೆ. ಇಲ್ಲ. ವಿಮಾನದ ಟಿಕೆಟ್, ವಿಮೆ, ಹಡಗು ನಿಂತಾಗ ಊರು ನೋಡುವ ಟೂರ್ ಎಲ್ಲವನ್ನೂ ಬೇರೆಯಾಗಿಯೇ ಮಾಡಿಸಬೇಕು. ವಿಮೆಯನ್ನು ಮಾತ್ರ ದಯವಿಟ್ಟು ಬಿಡಬೇಡಿ. ಸಮುದ್ರದ ಮಧ್ಯೆ ಕಾಯಿಲೆಯಾದರೆ ಹಡಗಿನ ಡಾಕ್ಟರಿಗೂ ಬಿಲ್ ಇರುತ್ತದೆ, ದಡಕ್ಕೆ ಸಾಗಿಸುವ ಖರ್ಚು ಇನ್ನೂ ದೊಡ್ಡದು. ವಯಸ್ಸಾದವರ ಬಿಪಿ, ಶುಗರ್ ಇರುವುದನ್ನು ಮುಚ್ಚಿಡದೆ ಬರೆಸಿ. ಜೊತೆಗೆ ಬರುವವಳು ಬಸುರಿ ಮಗಳಾದರೆ, ಪ್ರಯಾಣ ಮುಗಿಯುವ ಹೊತ್ತಿಗೆ 24 ವಾರ ತುಂಬುತ್ತದಾ ಎಂದು ಲೆಕ್ಕ ಹಾಕಿ. ಆ ಮೇಲೆ ಬಹುಪಾಲು ಕಂಪನಿಗಳು ಹತ್ತಿಸಿಕೊಳ್ಳುವುದಿಲ್ಲ.

ವಿದೇಶಿ ಟೂರ್ ಪ್ಯಾಕೇಜ್ ಮಾರುವವರು ಟಿಸಿಎಸ್ ಎಂಬ ತೆರಿಗೆಯನ್ನೂ ಹಿಡಿದುಕೊಳ್ಳುತ್ತಾರೆ. ಇದರ ದರ ಈಚಿನ ವರ್ಷಗಳಲ್ಲಿ ಬದಲಾಗುತ್ತಾ ಬಂದಿದೆ, ಬುಕ್ ಮಾಡುವ ದಿನದ ದರ ಕೇಳಿಕೊಳ್ಳಿ. ಇದು ಹೋದ ದುಡ್ಡಲ್ಲ. ಯಾರ ಪ್ಯಾನ್ ಕೊಟ್ಟಿರುತ್ತೀರೋ ಅವರ ಆದಾಯ ತೆರಿಗೆ ರಿಟರ್ನ್‌ನಲ್ಲಿ ವಾಪಸ್ ಕೇಳಬಹುದು. ದೊಡ್ಡಮ್ಮನ ದುಡ್ಡಿಗೆ ದೊಡ್ಡಮ್ಮನ ಪ್ಯಾನ್ ಕೊಡಿಸಿದ್ದು ಅದಕ್ಕೇ.

ಮುಂಬೈಯಿಂದ ಹೊರಡುವ ಹಡಗಾದರೆ

ಮುಂಬೈಯಿಂದ ಗೋವಾ, ಕೊಚ್ಚಿ, ಲಕ್ಷದ್ವೀಪದ ಕಡೆ ಹೋಗುವ ಕಾರ್ಡೀಲಿಯಾ ಕ್ರೂಸ್ 2021ರ ಸೆಪ್ಟೆಂಬರ್‌ನಲ್ಲಿ ಶುರುವಾಯಿತು. ಅದರ 'ಎಂಪ್ರೆಸ್' 1990ರಿಂದ ಓಡುತ್ತಿರುವ ಹಡಗು. ಇಂಥ ದೇಶದೊಳಗಿನ ಪ್ರಯಾಣಕ್ಕೆ ಪಾಸ್‌ಪೋರ್ಟ್ ಬೇಡ, ಸರ್ಕಾರದ ಫೋಟೋ ಇರುವ ಗುರುತಿನ ಚೀಟಿ ಸಾಕು. ಹಾಗಾಗಿ ಇನ್ನೊಬ್ಬರನ್ನು ಸೇರಿಸುವುದು ಸ್ವಲ್ಪ ಹಗುರ.

ಆದರೆ ಲಕ್ಷದ್ವೀಪ ಇದ್ದರೆ ಒಂದು ಕಟ್ಟುಪಾಡು ಇದೆ. 1967ರ ನಿಯಮದ ಪ್ರಕಾರ ಆ ದ್ವೀಪದವರಲ್ಲದವರು ಅಲ್ಲಿಗೆ ಹೋಗಲು ಪರ್ಮಿಟ್ ಬೇಕು. ನಾವು ಭಾರತೀಯರಾದರೂ ಬೇಕು. ಪರ್ಮಿಟ್ ಒಬ್ಬೊಬ್ಬರ ಹೆಸರಿನಲ್ಲಿ ಬರುತ್ತದೆ, ಕೊನೆ ಗಳಿಗೆಯಲ್ಲಿ ಸೇರಿದವರಿಗೆ ಅದು ಸಿಗದೆ ಹೋಗಬಹುದು.

"ಮಂಗಳೂರು ನಮಗೆ ಹತ್ತಿರ, ಅಲ್ಲೇ ಹಡಗು ಹತ್ತಬಹುದಲ್ವಾ" ಎಂದು ದೊಡ್ಡಮ್ಮ ಕೇಳಿದರು. ನವಮಂಗಳೂರು ಬಂದರಿಗೆ ವಿದೇಶಿ ಕ್ರೂಸ್ ಹಡಗುಗಳು ಬರುವುದು ನಿಜ. ಅದರಲ್ಲಿ ಬಂದವರು ಮೂಡಬಿದಿರೆಯ ಸಾವಿರ ಕಂಬದ ಬಸದಿ, ಕಾರ್ಕಳದ ಗೊಮ್ಮಟನನ್ನು ನೋಡಿಕೊಂಡು ಸಂಜೆಗೆ ಹಡಗಿಗೆ ಮರಳುತ್ತಾರೆ. ಆದರೆ ಹೀಗೆ ನಿಂತು ಹೋಗುವ ಬಂದರಿನಲ್ಲಿ ಹೊಸಬರು ಹತ್ತಲು ಕಂಪನಿ ಮತ್ತು ಅಧಿಕಾರಿಗಳ ಒಪ್ಪಿಗೆ ಮೊದಲೇ ಬೇಕು. ಸುಲಭಕ್ಕೆ ಸಿಗುವುದಿಲ್ಲ. ಹಡಗು ಎಲ್ಲಿಂದ ಹೊರಡುತ್ತದೋ ಅಲ್ಲಿಗೇ ಹೋಗಬೇಕು. ಮಂಗಳೂರಿನಿಂದ ಮತ್ಸ್ಯಗಂಧ ರೈಲು ಹಿಡಿದು ಮುಂಬೈಗೆ ಹೋಗುವವರು ಒಂದು ದಿನ ಮೊದಲೇ ತಲುಪುವ ಹಾಗೆ ನೋಡಿಕೊಳ್ಳಿ. ಹಡಗು ಯಾರಿಗೂ ಕಾಯುವುದಿಲ್ಲ.

ಜೊತೆಯವರು ಕೊನೆಗೆ ಬರದಿದ್ದರೆ?

ಇದನ್ನು ಯಾರೂ ಮೊದಲು ಕೇಳುವುದಿಲ್ಲ, ಆದರೆ ಕೇಳಬೇಕು. ಸೇರಿಸಿದವರು ಹಿಂದೆ ಸರಿದರೆ ಉಳಿದವರು ಮತ್ತೆ 'ಸಿಂಗಲ್' ಆಗುತ್ತಾರೆ. ರೂಮಿನ ದುಡ್ಡು ಪೂರ್ತಿ ಅವರ ತಲೆಗೇ ಬರುತ್ತದೆ. ಬರದವರ ತೆರಿಗೆ, ಬಂದರು ಶುಲ್ಕ ಸಾಮಾನ್ಯವಾಗಿ ವಾಪಸ್ ಸಿಗುತ್ತದೆ. ಟಿಕೆಟ್ ಭಾಗ ದಿನ ಹತ್ತಿರವಾದಷ್ಟೂ ಸಿಗುವುದು ಕಡಿಮೆ. ಹಳೆಯ ಸಿಂಗಲ್ ಆಫರ್ ಮತ್ತೆ ಸಿಗುತ್ತದೆ ಎಂಬ ಭರವಸೆ ಇಲ್ಲ.

ಅವರ ಬದಲು ಬೇರೆಯವರು ಬರಬಹುದಾ? ಬಹಳ ಕಂಪನಿಗಳಲ್ಲಿ, ಮೊದಲ ಇಬ್ಬರಲ್ಲಿ ಒಬ್ಬರಾದರೂ ಉಳಿದರೆ ಇನ್ನೊಂದು ಹೆಸರು ಬದಲಾಯಿಸಲು ಬಿಡುತ್ತಾರೆ, ಅದಕ್ಕೆ ಶುಲ್ಕ ಇರಬಹುದು. ಎರಡೂ ಹೆಸರು ಬದಲಾದರೆ ಅದು ರದ್ದು ಮಾಡಿ ಹೊಸದಾಗಿ ಬುಕ್ ಮಾಡಿದ ಹಾಗೆ.

ನೆಂಟರೇ ಆಗಿದ್ದರೂ ಯಾರು ಎಷ್ಟು ಕೊಡಬೇಕು, ಬರದಿದ್ದರೆ ನಷ್ಟ ಯಾರದ್ದು ಎಂದು ಮೊದಲೇ ಮಾತಾಡಿಕೊಳ್ಳುವುದು ಒಳ್ಳೆಯದು. ಮೇಲಿನ ಮೊದಲ ಲೆಕ್ಕದಲ್ಲಿ ಟಿಪ್ಸ್ ಬಿಟ್ಟರೆ ದೊಡ್ಡಮ್ಮನಿಂದ ಜಾಸ್ತಿಯಾದದ್ದು 10,000 ಮಾತ್ರ. ಅವರು ಅಷ್ಟೇ ಕೊಡಬೇಕಾ, ಇಬ್ಬರೂ ತಲಾ 50,000 ಹಂಚಿಕೊಳ್ಳಬೇಕಾ? ಎರಡೂ ತಪ್ಪಲ್ಲ. ನಮ್ಮ ಮನೆಯಲ್ಲಿ ಅಕ್ಕ ತಂಗಿ ಸಮ ಪಾಲು ಮಾಡಿಕೊಂಡರು. ಶುರುವಿನಲ್ಲೇ ಮಾತಾಡಿದ್ದರಿಂದ ಮನಸ್ಸಿಗೆ ಏನೂ ಉಳಿಯಲಿಲ್ಲ.

ಹೆಸರು ಸೇರಿದ ಮೇಲೆ

ಹೊಸ ಬುಕ್ಕಿಂಗ್ ಕಾಗದ ಬಂದ ಕೂಡಲೇ ಎರಡೂ ಹೆಸರು, ಹುಟ್ಟಿದ ದಿನ, ಕ್ಯಾಬಿನ್ ನಂಬರ್, ಒಟ್ಟು ಮೊತ್ತ ನೋಡಿ. ಕುಡಿಯುವ ಪಾನೀಯಗಳ ಪ್ಯಾಕೇಜ್ ತೆಗೆದುಕೊಂಡಿದ್ದರೆ ಒಂದು ವಿಷಯ ಕೇಳಿ. ಒಂದೇ ಕ್ಯಾಬಿನ್‌ನ ಒಬ್ಬರು ತೆಗೆದುಕೊಂಡರೆ ಉಳಿದ ದೊಡ್ಡವರೂ ತೆಗೆದುಕೊಳ್ಳಲೇಬೇಕು ಎಂದು ಹಲವು ಕಂಪನಿಗಳಲ್ಲಿ ನಿಯಮ ಇದೆ. ಸಸ್ಯಾಹಾರ, ಜೈನ ಊಟ ಬೇಕಾದರೆ ಜೊತೆಯವರ ಹೆಸರಿನಲ್ಲೂ ಬರೆಸಿ. ಮೊದಲು ಬುಕ್ ಮಾಡಿದವರಿಗೆ ಬರೆಸಿದ್ದು ಇನ್ನೊಬ್ಬರಿಗೆ ತಾನಾಗಿ ಬರುವುದಿಲ್ಲ.

ಒಬ್ಬರೇ ಬುಕ್ ಮಾಡಿದ ಕ್ಯಾಬಿನ್‌ನಲ್ಲಿ ಹೆಚ್ಚಾಗಿ ಒಂದು ದೊಡ್ಡ ಮಂಚ ಹಾಕಿರುತ್ತಾರೆ. ಬಹಳ ಹಡಗುಗಳಲ್ಲಿ ಅದು ಎರಡು ಚಿಕ್ಕ ಮಂಚ ಜೋಡಿಸಿದ್ದೇ ಆಗಿರುತ್ತದೆ. ಬೇರೆ ಬೇರೆ ಮಾಡಿಕೊಡಿ ಎಂದು ಮೊದಲೇ ಹೇಳಿದರೆ ಮಾಡಿಡುತ್ತಾರೆ. ಚಿಕ್ಕಮ್ಮ ಹಾಗೇ ಬರೆಸಿದ್ದರು. ಇಬ್ಬರೂ ಒಳಗೆ ಹೋದಾಗ ನಡುವೆ ಒಂದಡಿ ಜಾಗ ಬಿಟ್ಟು ಎರಡು ಮಂಚ ಹಾಸಿಟ್ಟಿದ್ದರು. ಕಿಟಕಿ ಪಕ್ಕದ್ದು ದೊಡ್ಡಮ್ಮನಿಗೆ.